ಅಡಿಗೆಮನೆಯೂ ಆಟದ ಬಯಲೂ

ಶಾಲೆಗೆ ಬರುವ ಮಗುವಿಗೆ ಮಧ್ಯಾಹ್ನ ಒಂದು ಹೊತ್ತು ಬಿಸಿಯಾದ ಊಟ ದೊರೆಯಬೇಕೆಂಬ ವಿಷಯದಲ್ಲಿ ಈಗ ನಮ್ಮ ನಾಡಿನಲ್ಲಿ ಭಿನ್ನಾಭಿಪ್ರಾಯವಿರುವಂತೆ ತೋರುವುದಿಲ್ಲ. ಅದೇ ಮಗುವಿಗೆ ದಿನಕ್ಕೆ ಒಂದು ಗಂಟೆಯ ಕಾಲವಾದರೂ ಬಯಲಿನಲ್ಲಿ ಓಟವೂ ಆಟವೂ ಇರಬೇಕೆಂದರೆ, ಮಾತಿನಲ್ಲಿ ಎಲ್ಲರೂ ತಲೆದೂಗುವರು. ವೇಳಾಪಟ್ಟಿಯನ್ನು ಬರೆಯಲು ಕುಳಿತಾಗ ಮಾತ್ರ ಆ ಗಂಟೆ ಎಲ್ಲಿಯೋ ಮಾಯವಾಗಿಬಿಡುವುದು. ಊಟವನ್ನು ಸರ್ಕಾರದ ಕೆಲಸವೆಂದೂ ಆಟವನ್ನು ಬಿಡುವಿದ್ದರೆ ಆಗಲೆಂಬ ವಿಲಾಸವೆಂದೂ ಬೇರ್ಪಡಿಸಿ ನೋಡುವ ಈ ಅಭ್ಯಾಸ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಭೌತವಿಜ್ಞಾನವನ್ನು ಪಾಠ ಹೇಳುವವನಿಗೆ ಅಡಿಗೆಮನೆಯ ಉಸಾಬರಿ ಏಕೆಂದು ವಾಚಕರು ಕೇಳಬಹುದು. ದೇಹವು ಶಕ್ತಿಯನ್ನು ಪಡೆಯುವುದೂ ವ್ಯಯಮಾಡುವುದೂ ಲೆಕ್ಕಕ್ಕೆ ಸಿಕ್ಕುವ ಸಂಗತಿಗಳಾದುದರಿಂದ ಈ ಉಸಾಬರಿ ನನಗೂ ಸಲ್ಲುವುದೆಂದು ಭಾವಿಸಿದ್ದೇನೆ.

ಮಧ್ಯಾಹ್ನದ ಊಟದ ಕಥೆ ನಮ್ಮಲ್ಲಿ ಹಳೆಯದು. ಮದರಾಸು ಪ್ರಾಂತದಲ್ಲಿ ೧೯೫೬ರಲ್ಲಿ ಕಾಮರಾಜರು ಶಾಲಾಮಕ್ಕಳಿಗೆ ಊಟವಿಕ್ಕುವ ಏರ್ಪಾಡನ್ನು ವಿಸ್ತಾರವಾಗಿ ಮಾಡಿದರು. ನಮ್ಮಲ್ಲಿ ಹಿಂದಿನ ತಲೆಮಾರಿನವರು 'ಕೇರ್' ಸಂಸ್ಥೆಯ ಹಾಲಿನ ಪುಡಿಯನ್ನೂ ಗೋಧಿರವೆಯ ಉಪ್ಪಿಟ್ಟನ್ನೂ ಇಂದಿಗೂ ಬಾಯಿ ಚಪ್ಪರಿಸಿ ನೆನೆಯುವರು. ಇಡೀ ರಾಷ್ಟ್ರಕ್ಕೆ ಅನ್ವಯಿಸುವ ಯೋಜನೆ ಹುಟ್ಟಿದುದು ೧೯೯೫ನೆಯ ಆಗಸ್ಟ್ ೧೫ರಂದು; ಆದರೆ ಬಹುಕಡೆ ಅದು ಹಸಿಯ ಧಾನ್ಯವನ್ನು ಅಳೆದು ಕೊಡುವುದರಲ್ಲಿಯೇ ನಿಂತಿತು. ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ನೆಯ ನವೆಂಬರ್ ೨೮ರಂದು ಆಜ್ಞಾಪಿಸಿದ ಮೇಲೆ, ಕರ್ನಾಟಕದಲ್ಲಿ ೨೦೦೨ರಲ್ಲಿ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ೨೦೧೩ರಲ್ಲಿ ಹಾಲು ಸೇರಿತು. ೨೦೨೧ರ ಕೊನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಬಂದು, ಮುಂದಿನ ವರ್ಷ ರಾಜ್ಯಕ್ಕೆಲ್ಲ ವ್ಯಾಪಿಸಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ನಾಡು ತನ್ನ ಮಕ್ಕಳಿಗಾಗಿ ಕಟ್ಟಿಕೊಂಡ ಏರ್ಪಾಡುಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಆಕ್ಷೇಪಣೆಗಳನ್ನು ಯಾರೂ ನಿಂದೆಯೆಂದು ತಿಳಿಯದಿರಲಿ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ತರಗತಿಗಳ ಮಗುವಿಗೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ, ೫೦ ಗ್ರಾಂ ತರಕಾರಿ, ೫ ಗ್ರಾಂ ಎಣ್ಣೆ ಎಂದು ನಿಯಮವುಂಟು. ಇದರಿಂದ ೪೫೦ ಕಿಲೊಕ್ಯಾಲೊರಿಗಳಷ್ಟು ಶಕ್ತಿಯೂ ೧೨ ಗ್ರಾಂ ಸಸಾರಜನಕವೂ, ಎಂದರೆ ಪ್ರೋಟೀನೂ, ದೊರೆಯಬೇಕು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು ೧೭೦೦ ಕಿಲೊಕ್ಯಾಲೊರಿ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೨೦ರ ಶಿಫಾರಸು. ಅದನ್ನು ಜೌಲ್‌ಗಳಿಗೆ ಪರಿವರ್ತಿಸಿ, ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ೮೨ ವಾಟ್ ಬರುವುದು. ನಮ್ಮ ಮನೆಯ ಹಜಾರದಲ್ಲಿ ಹಿಂದೆ ಉರಿಯುತ್ತಿದ್ದ ಹಳೆಯ ಬುರುಡೆ ದೀಪಕ್ಕೂ ಎಂಟು ವರ್ಷದ ಹುಡುಗಿಗೂ ವೆಚ್ಚದಲ್ಲಿ ಹೆಚ್ಚು ಅಂತರವಿಲ್ಲ! ಇದರಲ್ಲಿ ೫೦ ವಾಟ್‌ಗಳಷ್ಟು, ಆಕೆ ಏನೂ ಮಾಡದೆ ಮಲಗಿದ್ದರೂ, ಹೃದಯ ಮಿಡಿಯುವುದಕ್ಕೆ, ಮೈ ಬೆಚ್ಚಗಿರುವುದಕ್ಕೆ, ಮಿದುಳು ಎಚ್ಚರವಾಗಿರುವುದಕ್ಕೆ ಸಂದುಹೋಗುವುದು. ಉಳಿದುದರಿಂದಲೇ ಓಟ, ನಗು, ಜಗಳ, ಬೆಳವಣಿಗೆ ಎಲ್ಲ ನಡೆಯಬೇಕು. ಶಾಲೆಯ ಊಟವು ದಿನದ ಶಕ್ತಿಯಲ್ಲಿ ಕಾಲುಭಾಗವನ್ನೂ ಸಸಾರಜನಕದಲ್ಲಿ ಅರ್ಧದಷ್ಟನ್ನೂ ಒದಗಿಸುವುದೆಂದಾಯಿತು.

ಆದರೆ ಗ್ರಾಮಿನ ಲೆಕ್ಕವೊಂದೇ ಸಾಲದು. ಅಕ್ಕಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಮೆ. ಬೇಳೆಯಲ್ಲಿ ಅದು ಧಾರಾಳವಾಗಿರುವುದು. ಆದುದರಿಂದ ಅನ್ನದ ಜೊತೆಗೆ ಸಾರನ್ನು ಕಲಸುವ ನಮ್ಮ ಪದ್ಧತಿ ರುಚಿಗೆ ಮಾತ್ರವಲ್ಲ, ಬೆಳವಣಿಗೆಗೂ ಹಿತವೆ. ತೊಂದರೆಯೆಂದರೆ, ಸಾರು ತೆಳ್ಳಗಾದಷ್ಟೂ ಈ ಹೊಂದಾಣಿಕೆ ಕೆಡುವುದು. ತಟ್ಟೆಯಲ್ಲಿ ಅನ್ನದ ಗುಡ್ಡೆ ಎಷ್ಟಿದ್ದರೂ, ಸೌಟಿನ ತಳದಲ್ಲಿ ಬೇಳೆ ಇದೆಯೋ ಇಲ್ಲವೋ ಎಂಬುದರಲ್ಲಿಯೇ ಆ ಊಟದ ಯೋಗ್ಯತೆ ಅಡಗಿದೆ.

ಮೊಟ್ಟೆಯ ಪ್ರಶ್ನೆಯನ್ನು ಇಲ್ಲಿಯೇ ಎತ್ತಬೇಕಾಗಿದೆ. ಅದರ ಸುತ್ತ ಎದ್ದ ವಾದವಿವಾದಗಳಲ್ಲಿ ಧರ್ಮ, ಆಚಾರ, ರಾಜಕೀಯ ಎಲ್ಲವೂ ಬಂದುವು. ಲೈಸೀನ್ ಮಾತ್ರ ಬರಲಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಸಸಾರಜನಕವಿದ್ದು, ದೇಹಕ್ಕೆ ಬೇಕಾದ ಎಲ್ಲ ಅಂಶಗಳೂ ಅದರಲ್ಲಿ ತಕ್ಕ ಪ್ರಮಾಣದಲ್ಲಿರುವುವು. ಸಿಪ್ಪೆಯೊಳಗೆ ಮುಚ್ಚಿಟ್ಟ ಪದಾರ್ಥವಾದುದರಿಂದ ಅದಕ್ಕೆ ನೀರು ಬೆರಸಲು ಯಾರಿಂದಲೂ ಆಗದು; ಆಡಳಿತದ ದೃಷ್ಟಿಯಿಂದ ಇದೊಂದು ಸಣ್ಣ ಗುಣವಲ್ಲ. ತಿನ್ನಲೊಪ್ಪದ ಮನೆತನದ ಮಗುವಿಗೆ ಬಾಳೆಯಹಣ್ಣು ಇಲ್ಲವೆ ಕಡಲೆಕಾಯಿಯ ಚಿಕ್ಕಿಯನ್ನು ಕೊಡುವ ಏರ್ಪಾಡು ೨೦೨೫ರ ಆರಂಭದವರೆಗೆ ಇದ್ದಿತು. ಯಾರನ್ನೂ ಬಲವಂತಪಡಿಸದಿರುವ ಈ ಕ್ರಮ ಉಚಿತವಾದುದೇ. ಆದರೆ ಇವೆರಡನ್ನೂ ಸಮಾನವೆಂದು ಎಣಿಸುವುದು ಸರಿಯಲ್ಲ. ಬಾಳೆಯಹಣ್ಣಿನಲ್ಲಿರುವ ಸಸಾರಜನಕ ಒಂದು ಗ್ರಾಮಿನ ಆಸುಪಾಸು. ಕಡಲೆಕಾಯಿ ಅದಕ್ಕಿಂತ ಎಷ್ಟೋ ಮೇಲು. ಮೊಟ್ಟೆಯನ್ನು ಒಲ್ಲದ ಮಗುವಿಗೆ ಕಡಲೆಕಾಯಿಯೇ ಸಲ್ಲಬೇಕು. ಬಾಳೆಯಹಣ್ಣನ್ನು ಬೇಕಾದರೆ ಎಲ್ಲ ಮಕ್ಕಳಿಗೂ ಕೊಡಲಿ. ಕಡಲೆಕಾಯಿಯ ಹಿಂಡಿಯಿಂದ ಮಕ್ಕಳ ಆಹಾರವನ್ನು ತಯಾರಿಸುವ ಕೆಲಸದಲ್ಲಿ ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವೂ ಅದರ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರೂ ಎಷ್ಟು ಶ್ರಮಿಸಿದರೆಂಬುದನ್ನು ನೆನೆದರೆ, ಆ ಊರಿನ ನಾಡಿನಲ್ಲಿಯೇ ಇದನ್ನು ಮತ್ತೆ ಹೇಳಬೇಕಾಗಿರುವುದು ವಿಚಿತ್ರವಾಗಿ ತೋರುವುದು.

ಧಾನ್ಯದ ವಿಷಯದಲ್ಲಿ ನನ್ನ ಆಕ್ಷೇಪಣೆ ಇನ್ನೂ ಬಲವಾಗಿದೆ. ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿರುವ ಕ್ಯಾಲ್ಸಿಯಂ, ಎಂದರೆ ನಮ್ಮ ಹಿರಿಯರು ಸುಣ್ಣದ ಅಂಶವೆನ್ನುತ್ತಿದ್ದುದು, ಹತ್ತು ಮಿಲಿಗ್ರಾಮಿನಷ್ಟು, ರಾಗಿಯಲ್ಲಿ ೩೫೦ರಷ್ಟು. ಬೆಳೆಯುವ ಎಲುಬಿಗೆ ದಿನಕ್ಕೆ ೬೫೦ ಮಿಲಿಗ್ರಾಂ ಬೇಕು. ಹಾಲಿನ ಪುಡಿಯಿಂದ ತಯಾರಿಸಿ ಶಾಲೆಯಲ್ಲಿ ಕೊಡುವ ೧೫೦ ಮಿಲಿಲೀಟರು ಹಾಲು ಇದರ ಕಾಲುಭಾಗವನ್ನು ಪೂರೈಸಬಲ್ಲುದು. ರಾಗಿಯ ಒಂದು ಮುದ್ದೆ ಅದಕ್ಕಿಂತ ಹೆಚ್ಚನ್ನು. ರಾಗಿಯ ಸುಣ್ಣವೆಲ್ಲವೂ ಮೈಗೆ ಹತ್ತುವುದಿಲ್ಲ, ಅದರ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಕೆಲವು ಪಾಲನ್ನು ಹಿಡಿದಿಟ್ಟುಕೊಳ್ಳುವುದು ಎಂಬ ಮಾತು ನಿಜ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುವುದು. ಕೂಸಿಗೆ ಮೊಳಕೆಯ ರಾಗಿಸರಿಯನ್ನು ಕಾಯಿಸುತ್ತಿದ್ದ ನಮ್ಮ ಅಜ್ಜಿಯರು ಕಾರಣವನ್ನು ಅರಿಯದಿದ್ದರೂ ಕಾರ್ಯವನ್ನು ಅರಿತಿದ್ದರು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳೊಡನೆ ನಮ್ಮ ರಾಗಿಯನ್ನು ಸಂಕರಿಸಿ 'ಇಂಡಾಫ್' ತಳಿಗಳನ್ನು ಪಡೆದು ಇಳುವರಿಯನ್ನು ಹೆಚ್ಚಿಸಿದರು. ಬೆಳೆಯಲು ಬಾರದ ಧಾನ್ಯವೆಂಬ ನೆಪ ಆಗಲೇ ಹೋಯಿತು. ಹಾಗಿದ್ದೂ ಶಾಲೆಯ ತಟ್ಟೆಯಲ್ಲಿ ಅಕ್ಕಿಯದೇ ಆಳಿಕೆ. ೨೦೨೪ರಲ್ಲಿ ಹಾಲಿಗೆ ರಾಗಿಯ ಮಾಲ್ಟನ್ನು ಬೆರಸಿ ಕೊಡಲಾರಂಭಿಸಿದುದು ಸಂತೋಷದ ಸಂಗತಿ. ಅದು ಲೋಟದಿಂದ ತಟ್ಟೆಗೆ ಇಳಿಯಬೇಕು. ಮಂಡ್ಯ ತುಮಕೂರುಗಳಲ್ಲಿ ಮುದ್ದೆ, ಧಾರವಾಡ ಕಲಬುರಗಿಗಳಲ್ಲಿ ಜೋಳದ ರೊಟ್ಟಿ ವಾರಕ್ಕೆ ಎರಡು ದಿನವಾದರೂ ಇದ್ದರೆ ಮಕ್ಕಳು ಮೂಗು ಮುರಿಯುವರೆಂದು ನಾನು ನಂಬುವುದಿಲ್ಲ. ನೂರಾರು ರೊಟ್ಟಿಗಳನ್ನು ತಟ್ಟುವವರು ಯಾರೆಂಬ ಪ್ರಶ್ನೆ ಮಾತ್ರ ನ್ಯಾಯವಾದುದು. ಅಲ್ಪ ಗೌರವಧನಕ್ಕೆ ಹೊಗೆಯಲ್ಲಿ ದುಡಿಯುವ ಅಡಿಗೆಯ ಹೆಂಗಸರ ಮೇಲೆ ಇನ್ನೊಂದು ಹೊರೆಯನ್ನು ಹೊರಿಸಿ, ಸಂಬಳದ ಮಾತನ್ನು ತೆಗೆಯದಿರುವುದು ಸಲ್ಲದು.

ಇಷ್ಟೆಲ್ಲ ಏಕೆಂದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ನೂರಕ್ಕೆ ೬೫ರಷ್ಟು ಮಂದಿ ರಕ್ತಹೀನರು. ಇವರೇ ನಾಳೆ ಶಾಲೆಯ ಮೆಟ್ಟಿಲನ್ನು ಹತ್ತಿ ಬರುವವರು. ಇದೇ ನಾಡಿನ ಪೇಟೆಗಳಲ್ಲಿ ಮೈ ಬೆಳೆದು ಕಾಲು ಬೆಳೆಯದ ಮಕ್ಕಳೂ ಹೆಚ್ಚುತ್ತಿರುವರು. ಮುನ್ನೂರು ಮಿಲಿಲೀಟರಿನ ಒಂದು ತಂಪು ಪಾನೀಯದ ಸೀಸೆಯಲ್ಲಿ ೩೦ ಗ್ರಾಮಿಗೂ ಮೀರಿ ಸಕ್ಕರೆ ಇರುವುದು. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ ೫೦ ಮೀಟರಿನೊಳಗೆ ಮಾರಕೂಡದೆಂದು ೨೦೨೦ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಐವತ್ತು ಮೀಟರು ಎಂದರೆ ಹತ್ತು ವರ್ಷದ ಹುಡುಗನಿಗೆ ಹನ್ನೆರಡು ಸೆಕೆಂಡುಗಳ ಓಟ. ವ್ಯಾಯಾಮವಾದರೂ ಆಗಲಿ ಎಂದು ನಿಯಮ ಬರೆದವರು ಬಗೆದರೋ ಏನೋ.

ಓಡಿದರೆ ತಿಂದುದು ಕರಗುವುದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದನ್ನು ಒಮ್ಮೆ ತೂಗಿನೋಡೋಣ. ಕೆನೆ ತುಂಬಿದ ಒಂದು ಬಿಸ್ಕತ್ತಿನಲ್ಲಿ ೫೦ ಕಿಲೊಕ್ಯಾಲೊರಿಗಳು, ಎಂದರೆ ೨,೧೦,೦೦೦ ಜೌಲ್‌ಗಳಷ್ಟು ಶಕ್ತಿಯುಂಟು. ನಮ್ಮ ಸ್ನಾಯುಗಳು ಇದರಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವು. ಮಿಕ್ಕುದು ಶಾಖವಾಗಿ ಹೋಗುವುದು. ಇಪ್ಪತ್ತೈದು ಕಿಲೊಗ್ರಾಂ ತೂಕದ ಮಗುವನ್ನು ಒಂದು ಮೀಟರು ಮೇಲಕ್ಕೆತ್ತಲು ೨೪೫ ಜೌಲ್ ಸಾಕು. ಭಾಗಾಕಾರ ಮಾಡಿದರೆ ಆ ಒಂದು ಬಿಸ್ಕತ್ತಿನ ಋಣವನ್ನು ತೀರಿಸಲು ಮಗು ೨೧೦ ಮೀಟರುಗಳಿಗಿಂತ ಹೆಚ್ಚು ಎತ್ತರಕ್ಕೆ ಏರಬೇಕಾಗುವುದು. ಮೈಸೂರಿನ ನೆಲದಿಂದ ಅಳೆದರೆ ಚಾಮುಂಡಿಬೆಟ್ಟದ ಎತ್ತರದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದೇ ಬಿಸ್ಕತ್ತು ಇರುವುದಿಲ್ಲವೆಂಬುದನ್ನೂ ಗಮನಿಸಬೇಕು. ತಿನಿಸಿನ ದೋಷವನ್ನು ಆಟದಿಂದ ಪರಿಹರಿಸುತ್ತೇವೆಂಬ ಮಾತು, ಅದನ್ನು ತಿನಿಸು ಮಾರುವವರೇ ಹೇಳಲಿ ಉಪಾಧ್ಯಾಯರೇ ಹೇಳಲಿ, ಲೆಕ್ಕಕ್ಕೆ ನಿಲ್ಲದು.

ಹಾಗಾದರೆ ಆಟವೇತಕ್ಕೆ? ಎಲುಬಿಗಾಗಿ, ಸ್ನಾಯುವಿಗಾಗಿ, ಹೃದಯಕ್ಕಾಗಿ, ಕಣ್ಣಿಗಾಗಿ. ಎಲುಬು ಕಲ್ಲಿನಂಥ ಜಡವಸ್ತುವಲ್ಲ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಜೀವಂತ ರಚನೆಯೆಂಬುದನ್ನು ಜರ್ಮನಿಯ ಜೂಲಿಯಸ್ ವೋಲ್ಫ್ ೧೮೯೨ರಲ್ಲಿಯೇ ಪ್ರತಿಪಾದಿಸಿದ್ದನು. ಭಾರವೆಂದರೆ ನಿಂತ ಭಾರವಲ್ಲ, ಹಠಾತ್ತಾಗಿ ಬಿದ್ದು ಮರೆಯಾಗುವ ಭಾರ. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳನ್ನು ಎರಡು ಅಡಿ ಎತ್ತರದ ಪೆಟ್ಟಿಗೆಯಿಂದ ದಿನಕ್ಕೆ ನೂರು ಬಾರಿಯಂತೆ ವಾರಕ್ಕೆ ಮೂರು ದಿನ ನೆಲಕ್ಕೆ ಹಾರಿಸಿ, ಏಳು ತಿಂಗಳ ಮೇಲೆ ಅಳೆದರು. ಹಾರದ ಮಕ್ಕಳಿಗಿಂತ ಇವರ ತೊಡೆಯೆಲುಬಿನ ಕತ್ತಿನಲ್ಲಿ ಖನಿಜಾಂಶ ನೂರಕ್ಕೆ ೪.೫ರಷ್ಟು ಹೆಚ್ಚಾಗಿದ್ದಿತು. ಈ ವರದಿ ೨೦೦೧ರಲ್ಲಿ ಪ್ರಕಟವಾಯಿತು. ನಮ್ಮ ಕುಂಟೆಬಿಲ್ಲೆಗೆ ಪೆಟ್ಟಿಗೆಯೂ ಬೇಡ. ನೆಲದ ಮೇಲೆ ಎಳೆದ ನಾಲ್ಕು ಗೀಟು, ಒಂದು ಹೆಂಚಿನ ಚೂರು ಸಾಕು. ಒಂದೇ ಕಾಲಿನ ಮೇಲೆ ಕುಪ್ಪಳಿಸಿ ಇಳಿಯುವ ಪ್ರತಿಯೊಂದು ಸಲವೂ ಮೈಯ ಭಾರಕ್ಕಿಂತ ಮಿಗಿಲಾದ ಬಲ ಆ ಕಾಲಿನ ಎಲುಬಿನ ಮೇಲೆ ಎರಗುವುದು. ಲಗೋರಿ, ಖೋ ಖೋ, ಕಬಡ್ಡಿ, ಚಿನ್ನಿದಾಂಡುಗಳೂ ಹೀಗೆಯೇ ಖರ್ಚಿಲ್ಲದ ಉಪಕರಣಗಳು. ತಟ್ಟೆಯ ರಾಗಿ ಎಲುಬಿಗೆ ಇಟ್ಟಿಗೆಯನ್ನು ಒದಗಿಸುವುದು. ಎಲ್ಲಿ ಇಡಬೇಕೆಂದು ಹೇಳುವುದು ಈ ಕುಪ್ಪಳಿಕೆ.

ಕಣ್ಣಿನ ವಿಷಯ ಹೊಸದು. ಚೀನದ ಗ್ವಾಂಗ್‌ಝೋ ನಗರದ ಹನ್ನೆರಡು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗವೊಂದು ೨೦೧೫ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವಂತೆ ಏರ್ಪಡಿಸಿದರು. ಮೂರು ವರ್ಷಗಳಲ್ಲಿ ಇತರ ಶಾಲೆಗಳಲ್ಲಿ ನೂರಕ್ಕೆ ೩೯.೫ ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಈ ಶಾಲೆಗಳಲ್ಲಿ ೩೦.೪ ಮಕ್ಕಳಿಗೆ ಬಂದಿತು. ತರಗತಿಯ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಬಯಲಿನಲ್ಲಿ ಹತ್ತು ಸಾವಿರಕ್ಕೂ ಮೀರಿರುವುದು. ಕನ್ನಡಕದ ಅಂಗಡಿಗಳಿಗಿಂತ ಇದು ಅಗ್ಗದ ಚಿಕಿತ್ಸೆ.

ಬೆಳಕಿನ ಮಾತು ಬಂದುದರಿಂದ ನನ್ನ ಮುಖ್ಯ ಸಲಹೆಗೆ ಬರುತ್ತೇನೆ. ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ 'ಡಿ' ಜೀವಸತ್ವ ಬೇಕು; ಅದನ್ನು ನಮ್ಮ ಚರ್ಮವೇ ಬಿಸಿಲಿನಿಂದ ತಯಾರಿಸಿಕೊಳ್ಳುವುದು. ಎಲ್ಲ ಬಿಸಿಲೂ ಆಗದು. ಅತಿನೇರಿಳೆ ಕಿರಣಗಳಲ್ಲಿ ೨೯೦ರಿಂದ ೩೧೫ ನ್ಯಾನೊಮೀಟರು ತರಂಗಮಾನದವು ಮಾತ್ರ ಈ ಕೆಲಸಕ್ಕೆ ಬರುವುವು. ಇವನ್ನು ಮೇಲಿನ ಓಜೋನ್ ಪದರವು ಬಹುಮಟ್ಟಿಗೆ ಹೀರಿಬಿಡುವುದು. ಸೂರ್ಯ ಕೆಳಗಿದ್ದಷ್ಟೂ ಕಿರಣ ಓರೆಯಾಗಿ ಬಂದು ಪದರದಲ್ಲಿ ಸಾಗುವ ದೂರ ಹೆಚ್ಚುವುದರಿಂದ ಹೀರಿಕೆಯೂ ಹೆಚ್ಚುವುದು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ಸೂರ್ಯನ ಎತ್ತರ ಸುಮಾರು ೩೦ ಡಿಗ್ರಿ. ಕಿರಣದ ದಾರಿ ನೆತ್ತಿಯ ಸೂರ್ಯನ ದಾರಿಗಿಂತ ಎರಡರಷ್ಟು. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳನ್ನು ಎಳೆಬಿಸಿಲಿನಲ್ಲಿ ನಿಲ್ಲಿಸಿದರೆ 'ಡಿ' ಜೀವಸತ್ವ ದೊರೆಯುವುದೆಂದು ಹೇಳುವವರು ಈ ರೇಖಾಗಣಿತವನ್ನು ಗಮನಿಸಿಲ್ಲ. ಇದಕ್ಕೊಂದು ಸುಲಭವಾದ ಗುರುತುಂಟು. ಮಗುವಿನ ನೆರಳು ಮಗುವಿಗಿಂತ ಉದ್ದವಾಗಿದ್ದರೆ ಆ ಬಿಸಿಲಿನಿಂದ ಪ್ರಯೋಜನ ಅಲ್ಪ, ಗಿಡ್ಡವಾಗಿದ್ದರೆ ಪ್ರಯೋಜನವುಂಟು. ನಮ್ಮ ನಾಡಿನ ಉತ್ತರದ ತುದಿಯಾದ ಬೀದರಿನಲ್ಲಿಯೂ, ಡಿಸೆಂಬರಿನಲ್ಲಿಯೂ, ನಡುಹಗಲಿನ ನೆರಳು ಗಿಡ್ಡವಾಗಿಯೇ ಇರುವುದು.

ಆದುದರಿಂದ ಆಟದ ಗಂಟೆಯನ್ನು ದಿನದ ಕೊನೆಗೆ ತಳ್ಳದೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ಹನ್ನೊಂದೂವರೆಯಿಂದ ಹನ್ನೆರಡೂಕಾಲಿನವರೆಗೆ ಇಡಬೇಕೆಂದು ನಾನು ವಾದಿಸುತ್ತೇನೆ. ಇದಕ್ಕೆ ಇನ್ನೊಂದು ಬೆಂಬಲವೂ ಉಂಟು. ಅಮೆರಿಕದ ಯೂಟಾ ಪ್ರಾಂತದ ಕೆಲವು ಶಾಲೆಗಳಲ್ಲಿ ಆಟದ ಬಿಡುವನ್ನು ಊಟದ ಹಿಂದಕ್ಕೆ ಬದಲು ಮುಂದಕ್ಕೆ ತಂದಾಗ, ಮಕ್ಕಳು ತಟ್ಟೆಯಲ್ಲಿಯೇ ಬಿಡುತ್ತಿದ್ದ ಹಣ್ಣು ತರಕಾರಿಗಳಲ್ಲಿ ಅರ್ಧದಷ್ಟು ಹೆಚ್ಚಿಗೆ ತಿಂದರು. ಕಾರಣ ಗೂಢವೇನಲ್ಲ: ಹಸಿದು ಬಂದವನು ತಟ್ಟೆಯನ್ನು ನೋಡುವನು, ಆಟಕ್ಕೆ ಓಡಬೇಕಾದವನು ಬಾಗಿಲನ್ನು ನೋಡುವನು. ನಮ್ಮ ಸಾರಿನಲ್ಲಿ ಬದಿಗೆ ಸರಿದು ಉಳಿಯುವ ಬದನೆ, ನುಗ್ಗೆಸೊಪ್ಪುಗಳಿಗೂ ಈ ಮಾತು ಸಲ್ಲುವುದೆಂದು ತೋರುವುದು.

ಬೆಳಗ್ಗೆ ಬರಿಹೊಟ್ಟೆಯಲ್ಲಿ ಬರುವ ಮಕ್ಕಳು ಊಟಕ್ಕೆ ಮುಂಚೆ ಹೇಗೆ ಓಡಿಯಾರೆಂಬ ಆಕ್ಷೇಪಣೆ ಗಂಭೀರವಾದುದು. ಹಾಲನ್ನೂ ರಾಗಿಯ ಮಾಲ್ಟನ್ನೂ ಬೆಳಗ್ಗೆಯೇ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಅದು ತಪ್ಪಿದ ದಿನ ಆಟವನ್ನು ಹಗುರಗೊಳಿಸಬೇಕು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ರಾಯಚೂರು ಕಲಬುರಗಿಗಳ ನಡುಹಗಲಿನಲ್ಲಿ ಯಾರನ್ನೂ ಬಯಲಿಗೆ ಬಿಡತಕ್ಕದ್ದಲ್ಲ. ಆ ಸೀಮೆಗೆ ಬೇರೆ ವೇಳಾಪಟ್ಟಿ ಇರಲಿ. ಮೈ ಕಪ್ಪಾಗುವುದೆಂಬ ತಾಯಂದಿರ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಸಮಾಧಾನವಿಲ್ಲ, ಗೌರವವೂ ಇಲ್ಲ. ಆ ಭಯದಿಂದ ನೆರಳಿನಲ್ಲಿ ಕೂರುವವರು ಹೆಣ್ಣುಮಕ್ಕಳು. ಬಾಣಂತಿತನದಲ್ಲಿ ಗಟ್ಟಿ ಎಲುಬು ಹೆಚ್ಚಾಗಿ ಬೇಕಾಗುವವರೂ ಅವರೇ. ಹೈಸ್ಕೂಲಿನಲ್ಲಿ ಹುಡುಗಿಯರು ಬಯಲಿನ ಅಂಚಿನಲ್ಲಿ ಚೀಲಗಳನ್ನು ಕಾಯುತ್ತ ನಿಂತಿರುವುದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ.

ಆಟದ ಗಂಟೆಯನ್ನು ಕಬಳಿಸುವವರು ಯಾರೆಂಬುದನ್ನೂ ಹೇಳಬೇಕು. ಪಾಠ ಮುಗಿಯಲಿಲ್ಲವೆಂದು ಅದನ್ನು ಕೇಳಿ ಪಡೆಯುವವರು ಬಹುಮಟ್ಟಿಗೆ ಗಣಿತದವರು, ವಿಜ್ಞಾನದವರು. ಶಕ್ತಿಯ ಸಂರಕ್ಷಣೆಯ ನಿಯಮವನ್ನು ಬೋಧಿಸಲು ಮಕ್ಕಳ ಓಟವನ್ನು ನಿಲ್ಲಿಸುವ ಈ ಕ್ರಮ ನಮ್ಮ ವೃತ್ತಿಗೆ ಶೋಭೆ ತರುವಂಥದಲ್ಲ. ಅದೇ ನಿಯಮವನ್ನು ಓಟದಿಂದಲೂ ತಟ್ಟೆಯಿಂದಲೂ ಬೋಧಿಸಬಹುದು: ಎತ್ತರದ ಕೋಲು, ತೂಕದ ತಕ್ಕಡಿ, ನೆರಳಿನ ಗೀಟು, ಒಂದು ಗಡಿಯಾರ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ಬಡಿಸುವರು. ೧೯೫೪ರ ಶಾಲಾ ಊಟದ ಕಾಯಿದೆಯಿಂದ ಬೆಳೆದುಬಂದ ಆ ಏರ್ಪಾಡಿನಲ್ಲಿ ಊಟವೂ ಪಾಠವೆಂದೇ ಎಣಿಸಲ್ಪಡುವುದು.

ಇನ್ನು ಬಯಲಿನ ಪ್ರಶ್ನೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಅಡಿಗೆಮನೆಯೂ ಆಟದ ಬಯಲೂ ಒಂದರ ಕೆಳಗೊಂದು ಅಚ್ಚಾಗಿವೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಬೋಧಕನಿರಬೇಕೆಂದೂ ಅಲ್ಲಿಯೇ ಇದೆ. ಅಡಿಗೆಮನೆಗೆ ಅಕ್ಕಿಯ ಲೆಕ್ಕ ದಿನವೂ ಹೋಗುವುದು. ಬಯಲಿನ ಲೆಕ್ಕವನ್ನು ಕೇಳುವವರಿಲ್ಲ. ಅದರ ಒಂದು ಮೂಲೆಯಲ್ಲಿ ಹೊಸ ಕೊಠಡಿ, ಇನ್ನೊಂದರಲ್ಲಿ ನೀರಿನ ತೊಟ್ಟಿ, ಮತ್ತೊಂದರಲ್ಲಿ ಯಾರದೋ ಮರಳಿನ ರಾಶಿ ಏಳುತ್ತ, ಉಳಿದ ತುಣುಕಿಗೆ ಬೇಲಿ ಹಾಕಿ ಸಂಜೆ ನಾಲ್ಕೂವರೆಗೆ ಬೀಗ ಜಡಿಯುವುದು ಸಾಮಾನ್ಯವಾಗಿದೆ. ಖಾಸಗಿ ಶಾಲೆಗಳು ಹಲವಕ್ಕೆ ಈ ತುಣುಕೂ ಇಲ್ಲ. ಪಕ್ಕದ ಸರ್ಕಾರಿ ಶಾಲೆಯ ಬಯಲು ಬೀಗದ ಹಿಂದೆ ಖಾಲಿಯಾಗಿರುವಾಗ, ಊರಿನ ಮಕ್ಕಳು ಲಾರಿಗಳ ನಡುವೆ ರಸ್ತೆಯಲ್ಲಿ ಚೆಂಡಾಡುವರು.

ಬೀಗದ ಕೈಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಇಬ್ಬರು ತಂದೆತಾಯಿಗಳ ವಶಕ್ಕೆ ಕೊಟ್ಟು, ಸಂಜೆ ಆರೂವರೆಯವರೆಗೂ ರಜೆಯ ದಿನಗಳಲ್ಲಿಯೂ ಬಾಗಿಲನ್ನು ತೆರೆದಿಡಬಹುದು. ಕಿಟಕಿಯ ಗಾಜು ಒಡೆದರೆ ಹೊಣೆ ಯಾರದೆಂದು ಮುಖ್ಯೋಪಾಧ್ಯಾಯರು ಕೇಳುವರು. ಗ್ರಾಮ ಪಂಚಾಯತಿಯು ಗಾಜಿಗೆಂದು ಒಂದು ಸಣ್ಣ ಮೊಬಲಗನ್ನು ತೆಗೆದಿರಿಸಿದರೆ ಆ ಭಯ ನೀಗುವುದು. ೨೦೨೪ರ ಬರದ ಬೇಸಗೆಯಲ್ಲಿ ರಜೆಯ ದಿನಗಳಲ್ಲಿಯೂ ಶಾಲೆಯ ಒಲೆಯನ್ನು ಹೊತ್ತಿಸಿ ಮಕ್ಕಳಿಗೆ ಊಟವಿಕ್ಕಿದರು. ಊಟಕ್ಕೆಂದು ಗೇಟು ತೆರೆಯಿತು. ಉಂಡ ಕೂಡಲೆ ಮುಚ್ಚಿತು. ಇನ್ನೊಂದು ಬೇಸಗೆಯಲ್ಲಿ ಅಂಥ ಆಜ್ಞೆ ಹೊರಡುವುದಾದರೆ, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಬಿಸಿಲು ಏರುವ ಮುನ್ನ, ಬಯಲಿನ ಗೇಟನ್ನೂ ತೆರೆಯತಕ್ಕದ್ದೆಂದು ಅದರಲ್ಲಿ ಒಂದು ಸಾಲು ಸೇರಿಸಬೇಕೆಂದು ಶಿಕ್ಷಣ ಇಲಾಖೆಯವರನ್ನು ಕೇಳಿಕೊಳ್ಳುತ್ತೇನೆ.